ಟೈರಿನ ಒಳಮಗ್ಗುಲು

ದರ್ಜಿ ಅಕ್ಕನ ಮನೆಯ ಕಾರು ಮೂರು ತಿಂಗಳಿಂದ ಎಡಕ್ಕೇ ಎಳೆಯುತ್ತಿತ್ತು. ಗಂಡ ಮಾತ್ರ ದಿನಾ ಬೆಳಿಗ್ಗೆ ಟೈರಿಗೊಂದು ಒದೆ ಕೊಟ್ಟು, "ಕಲ್ಲಿದ್ದ ಹಾಗಿದೆ" ಎಂದು ಹತ್ತಿ ಕೂರುತ್ತಿದ್ದ.

ಆ ಬೆಳಿಗ್ಗೆ ಮಗಳನ್ನೂ ನಲವತ್ತು ದಿನದ ಮೊಮ್ಮಗುವನ್ನೂ ಮಗಳ ಗಂಡನ ಮನೆಗೆ ಬಿಟ್ಟು ಬರಬೇಕಿತ್ತು. ಹೆದ್ದಾರಿಯಲ್ಲಿ ಮೂರು ಗಂಟೆಯ ದಾರಿ. ಚೀಲ ತುಂಬುವಾಗ ಮಗುವಿನ ಕಾಲ್ಚೀಲವೊಂದು ಮುಂದಿನ ಚಕ್ರದ ಹಿಂದೆ ಬಿತ್ತು. ಅಕ್ಕ ಬಗ್ಗಿ ಕೈ ಚಾಚಿದಳು. ಟೈರಿನ ಹೊರಗಡೆ ಗೆರೆಗಳು ಆಳವಾಗಿದ್ದವು, ಒಳಮಗ್ಗುಲು ಬೋಳು. ಬೆರಳಿಗೆ ಏನೋ ಚುಚ್ಚಿತು.

ಮೂವತ್ತು ವರ್ಷ ಸೂಜಿ ಹಿಡಿದ ಕೈ, ರಕ್ತದ ಹನಿಗೆ ಹೆದರಲಿಲ್ಲ. ಆದರೆ ಬಟ್ಟೆ ಸವೆದು ನೂಲು ಕಂಡ ಮೇಲೆ ಎಷ್ಟು ತಾಳುತ್ತದೆಂದು ಅವಳಿಗೆ ಗೊತ್ತಿತ್ತು.

"ರೀ, ಒಳಗೆ ತಂತಿ ಎದ್ದಿದೆ."

"ಹೊರಗಿಂದ ನೋಡು, ಹೊಸದರ ಹಾಗಿದೆ. ಹೊರಡೋ ಹೊತ್ತಲ್ಲಿ ಕೊಂಕು ತೆಗೀಬೇಡ." ಇನ್ನೊಂದು ಒದೆ ಬಿತ್ತು.

ಅಕ್ಕ ಮಗಳ ತೋಳಿನಿಂದ ಮಗುವನ್ನು ಎತ್ತಿಕೊಂಡಳು. "ನೀವು ಹೋಗಿ ಬನ್ನಿ. ಇದು ನನ್ನ ಹತ್ರ ಇರ್ಲಿ."

ಗಂಡ ಕಾರಿನ ಕೀಲಿಯನ್ನು ಜೇಬಿಗಿಳಿಸಿದ. ಮಗಳು ಹೋಗಿ ಬೀದಿ ತುದಿಯ ಪಂಕ್ಚರ್ ಅಂಗಡಿಯವಳನ್ನು ಕರೆತಂದಳು. ಅವಳು ಗಾಳಿ ಅಳೆಯುವ ಮೀಟರ್ ಇಟ್ಟು ನೋಡಿದಳು.

"ಮೂವತ್ತಮೂರು ಇರ್ಬೇಕು ಅಂತ ನಿಮ್ಮ ಬಾಗಿಲ ಸಂದಿಯ ಚೀಟಿಯಲ್ಲೇ ಇದೆ. ಇಲ್ಲಿರೋದು ಇಪ್ಪತ್ತೆರಡು."

"ಒದ್ದು ನೋಡಿದ್ನಲ್ಲಮ್ಮ."

"ಅಣ್ಣಾ, ನಿಮಗೆ ಜ್ವರ ಬಂದ್ರೆ ಡಾಕ್ಟರು ಒದ್ದು ನೋಡ್ತಾರಾ?"

ಮಗಳಿಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ.

"ಗಾಳಿ ಕಮ್ಮಿಯಾದ್ರೆ ಎರಡೂ ಅಂಚು ಸವೆಯುತ್ತೆ, ಜಾಸ್ತಿಯಾದ್ರೆ ನಡುಭಾಗ. ಒಂದೇ ಅಂಚು ಬೋಳಾದ್ರೆ ಚಕ್ರದ ನೇರ, ಅಲೈನ್‌ಮೆಂಟ್ ಅಂತಾರಲ್ಲ, ಅದು ತಪ್ಪಿದೆ ಅಂತ. ರಸ್ತೆ ಗುಂಡಿಗೆ ಚಕ್ರ ಇಳಿಸಿದ್ರಾ?"

"ಮೂರು ತಿಂಗಳಾಯ್ತು," ಎಂದ ಗಂಡ, ನೆಲ ನೋಡುತ್ತ. "ಈಗ ಗಾಳಿ ತುಂಬಿಸ್ಕೊಂಡು ಹೋದ್ರೆ?"

"ತಂತಿ ಕಂಡ ಟೈರಿಗೆ ಗಾಳಿ ತುಂಬಿ ಏನು ಮಾಡ್ತೀರಿ? ಬಿಸಿಲು, ತುಂಬಿದ ಕಾರು, ವೇಗ. ಎಲ್ಲಿ ಸಿಡಿಯುತ್ತೋ ಯಾರಿಗ್ಗೊತ್ತು. ಮುಂದಿನ ಚಕ್ರ ಸಿಡಿದ್ರೆ ಸ್ಟೇರಿಂಗ್ ನಿಮ್ಮ ಮಾತು ಕೇಳಲ್ಲ."

ಗಂಡ ಇಸ್ತ್ರಿ ಅಂಗಿಯಲ್ಲೇ ನೆಲಕ್ಕೆ ಮಲಗಿ, ಫೋನಿನ ಬೆಳಕು ಹಿಡಿದ. ಬಹಳ ಹೊತ್ತು ಏಳಲೇ ಇಲ್ಲ. ಎದ್ದವನು ಅಂಗಿಯ ಧೂಳನ್ನೂ ಕೊಡವಲಿಲ್ಲ.

"ಮೊನ್ನೆ ಆಸ್ಪತ್ರೆಗೆ ಮಗೂನ ಇದ್ರಲ್ಲೇ ಕರ್ಕೊಂಡು ಹೋಗಿದ್ದೆ," ಎಂದ. "ಚೀಲ ಇಳಿಸಿ."

ಎರಡು ದಿನ ತಡವಾಯಿತು. ಮುಂದಿನ ಎರಡೂ ಟೈರು ಹೊಸದಾದವು, ಚಕ್ರದ ನೇರವೂ ಸರಿಯಾಯಿತು. ಹೊರಡುವ ಬೆಳಿಗ್ಗೆ ಗಂಡ ಮೀಟರ್ ಹಿಡಿದು ನಾಲ್ಕು ಚಕ್ರಕ್ಕೂ ಮೊಣಕಾಲೂರಿದ. ಆಮೇಲೆಯೇ ಅಕ್ಕ ಮಗುವನ್ನು ಮಗಳ ಕೈಗೆ ಕೊಟ್ಟಿದ್ದು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ತಿಂಗಳಿಗೊಮ್ಮೆ, ದೂರ ಹೊರಡುವ ಮುಂಚೆಯೂ, ಟೈರು ತಣ್ಣಗಿರುವಾಗ ಗಾಳಿ ಅಳೆಸಿ. ಸ್ಟೆಪ್ನಿಯನ್ನೂ ಬಿಡಬೇಡಿ. ಕಾರು ಒಂದೇ ಪಕ್ಕಕ್ಕೆ ಎಳೆದರೆ ಆ ವಾರವೇ ಚಕ್ರದ ನೇರ ನೋಡಿಸಿ. ಒಳಮಗ್ಗುಲನ್ನು ಬೆಳಕು ಹಿಡಿದು ನೋಡಿ, ಬೆರಳು ಹಾಕಬೇಡಿ. ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮಗುವಿಗೆ ಟೈರು ನೋಡಲು ಬರುವುದಿಲ್ಲ. ನೀವೇ ಬಗ್ಗಿ ನೋಡಬೇಕು.