ಬಸವಂತ್ರಾಯ ಕೊಟ್ಟ ಫೈಸಲಾ

ಸುರಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಬಸವಂತ್ರಾಯನಿಗೆ ಶನಿವಾರ ಬಂತೆಂದರೆ ಹೆಗಲಿಗೆ ಶನಿ ಏರಿದಂತೆ. ಅವರಪ್ಪ ಬಿಟ್ಟುಹೋದದ್ದು ಎರಡೇ: ಒಂದು ಬಾರು, ಇನ್ನೊಂದು ಅದರ ಭಾರ. ಭಾರವೆಂದರೆ ಹಾಡಕಿ. ಪ್ರತಿ ಶನಿವಾರ ಮಧ್ಯಾಹ್ನ ಬಾರಿನಲ್ಲಿ ಹರದೇಶಿ-ನಾಗೇಶಿ ನಡೆಯಬೇಕು. ಗಂಡು ಹೆಚ್ಚೆಂದು ಹರದೇಶಿಯವರು ದಪ್ಪು ಬಡಿದು ಹಾಡಿದರೆ, ಹೆಣ್ಣು ಹೆಚ್ಚೆಂದು ನಾಗೇಶಿಯವರು ತಿರುಗಿ ಬಡಿಯಬೇಕು. ಸುತ್ತಲಿನ ಊರುಗಳಲ್ಲೆಲ್ಲ ನಿಂತುಹೋದ ಈ ಹಾಡಕಿ, ನೆಟ್ಟಗೆ ನಿಲ್ಲಲಾಗದವರ ನಡುವೆ ಇನ್ನೂ ನಡೆಯುತ್ತಿತ್ತು.

ಗಂಡಿನ ಪಕ್ಷ ದೇವಾಪುರದ ಪಂಪಣ್ಣನದು. ಹೆಣ್ಣಿನ ಪಕ್ಷ ಗಾದಿ ಹೊಲಿಯುವ ಮನ್ಸೂರಅಲಿ ಚಾಚಾನದು. ಚಾಚಾ ಕುಡಿಯುವವನಲ್ಲ. ಹೊಸ್ತಿಲಲ್ಲಿ ಸ್ಟೂಲು ಹಾಕಿಸಿಕೊಂಡು, "ನಾ ಬಾರಿನಾಗ ಇಲ್ಲಪಾ, ಬಾಗಿಲದಾಗ ಇದ್ದೀನಿ" ಎಂದು ಮೇಲಿನವನಿಗೂ ಕೇಳುವಂತೆ ಹೇಳಿ, ಆಮೇಲೆ ಹೆಣ್ಣುದನಿ ತೆಗೆಯುತ್ತಿದ್ದ. ಬಸವಂತ್ರಾಯನ ಪಿತ್ತ ನೆತ್ತಿಗೇರುತ್ತಿದ್ದುದೇ ಅಲ್ಲಿ. ಆ ದನಿ ಅವನ ಹೆಂಡತಿ ಸೌಭಾಗ್ಯಳದು. ಅದೇ ಎಳೆತ, ಅದೇ ಮೂಗು. ಚಾಚಾನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ವಾರದ ಜಗಳವೆಲ್ಲ ಶನಿವಾರ ಹಾಡಾಗಿ ಹೊರಬೀಳುತ್ತಿತ್ತು.

"ಬಾಟ್ಲಿ ಜೋಡಸ್ತಾನ ಸಾಲಿಗೆ ಸಾಲ, ಕೊಡ ಎತ್ತಂದ್ರ ಬರ್ತದ ಸೊಂಟದ ಶೂಲ!"

ಒಂದು ಶನಿವಾರ ಚಾಚಾ ಹೀಗೆ ಎತ್ತಿಕೊಂಡದ್ದೇ ಹಿಮ್ಮೇಳದವರು ಗೀಗೀ ಎಂದು ಎಳೆದರು. ಗುರುಮಠಕಲ್ಲಿನಿಂದ ಬಂದ ಗಿರಾಕಿಗಳೂ ಗಲ್ಲಾದ ಕಡೆ ತಿರುಗಿ ನೋಡಿದರು. ಗೋಡೆಯಷ್ಟು ಅಗಲದ ಹೊಸ ಟೀವಿಯಲ್ಲಿ ಮ್ಯಾಚು ಮೂಕವಾಗಿ ನಡೆದಿತ್ತು. ಬಸವಂತ್ರಾಯನ ತಾಳ್ಮೆ ತಾಳ ತಪ್ಪಿತು. ಗಲ್ಲಾ ಬಿಟ್ಟು ನಡುವೆ ಬಂದು ನಿಂತ.

"ಸಾಕ್ರಿ ಇನ್ನ. ಗಂಡೇ ಹೆಚ್ಚು, ಪಂಪಣ್ಣ ಗೆದ್ದಾನ. ಫೈಸಲಾ ಆತು, ಹಾಡಕಿ ಮುಗೀತು. ಮ್ಯಾಚ್ ನೋಡ್ರಿ."

ದಪ್ಪು ನಿಂತಿತು. ಸೋತ ಚಾಚಾನಿಗಿಂತ ಗೆದ್ದ ಪಂಪಣ್ಣನ ಮುಖ ಕಪ್ಪಿಟ್ಟಿತು.

"ಗೆಲ್ಸು ಅಂತ ನಿನಗ್ಯಾರು ಕೇಳಿದ್ರೋ ತಮ್ಮಾ? ಹೊಡದಾಡಿ ಹೊಡದಾಡಿ ಕಡೀಕ ಇಬ್ರೂ ಸಮ ಅಂತ ಕೂಡಿ ಹಾಡಿ ಏಳೋದು ಪದ್ಧತಿ. ನಿಮ್ಮಪ್ಪ ಒಂದಿನಾ ನಡುವ ಬಾಯಿ ಹಾಕಿದವನಲ್ಲ. ಗೆದ್ದ ಮ್ಯಾಲ ನಾ ಯಾರ ಕೂಡ ಹಾಡ್ಲಿ, ನಿನ್ನ ಫ್ರಿಜ್ಜಿನ ಕೂಡ?"

"ನಡಿಯೋ ಪಂಪ್ಯಾ," ಚಾಚಾ ಎದ್ದ. "ಗೆದ್ದೀ ಅಲ್ಲ, ಚಾ ಕುಡಸು."

ಇಬ್ಬರೂ ದಪ್ಪುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದುರಿನ ಹುಸೇನಬೀಯ ಚಹಾದಂಗಡಿಗೆ ದಾಟಿದರು.

ಮುಂದಿನ ಶನಿವಾರ ಟೀವಿ ಗಂಟಲು ಹರಿಯುವಂತೆ ಕೂಗಿತು. ಬಾರಿನಲ್ಲಿದ್ದವನು ಯಾದಗಿರಿ ಬಸ್ಸಿಗೆ ಕಾಯುವ ಒಬ್ಬನೇ. ಅವನೂ ಕೇಳಿದ್ದು ಚಾರ್ಜರ್. ಗಿರಾಕಿಗಳೆಲ್ಲ ಎದುರಿಗೆ ಕೂತು, ರೂಢಿಯಿಲ್ಲದ ಚಹಾವನ್ನು ಊದಿ ಊದಿ ಕುಡಿಯುತ್ತಿದ್ದರು. ಅಲ್ಲೂ ಹಾಡಿಲ್ಲ. ಫೈಸಲಾ ಆದ ಜಗಳವನ್ನು ಯಾರು ಹಾಡುತ್ತಾರೆ?

ಊಟಕ್ಕೆ ಮನೆಗೆ ಹೋದರೆ ಸೌಭಾಗ್ಯ ತಾಟನ್ನು ಕುಕ್ಕಿದಳು.

"ಚಾಚಾನ ಬಾಯಿ ಮುಚ್ಚಿಸೀರಂತ?"

"ಹೂಂ ಮತ್ತ. ನಮ್ಮ ಮನಿ ಮಾತು ಕದ್ದು ಕೇಳಿ ಊರಿಗೆಲ್ಲಾ ಹಂಚ್ತಿದ್ದ."

"ಕದ್ದು ಯಾಕ ಕೇಳ್ತಾನ? ನಾನೇ ಗೋಡಿಗೆ ನಿಂತು ಕೇಳೋಹಂಗ ಹೇಳ್ತಿದ್ದೆ. ನಿಮಗ ಹೇಳಿದ್ರ ಈ ಕಿವೀಲೆ ಬಂದು ಆ ಕಿವೀಲೆ ಹೋಗ್ತದ. ಚಾಚಾ ಹಾಡಿದ್ರ ಮರುದಿನಾ ಕೊಡ ತುಂಬತದ. ಈಗೇನು, ನಾನೇ ಬಾರಿಗೆ ಬಂದು ಹೇಳ್ಲ್ಯಾ?"

ಬಸವಂತ್ರಾಯ ಕೈ ತೊಳೆದು ನೇರ ಚಹಾದಂಗಡಿಗೆ ಬಂದ.

"ಫೈಸಲಾ ವಾಪಸ್ ತಗೊಂಡೀನ್ರಿ. ಬರ್ರಿ."

"ಹಾಡಿನ ನಡುವ ಕೊಟ್ಟದ್ದು," ಪಂಪಣ್ಣ ಅಲ್ಲಾಡಲಿಲ್ಲ. "ಹಾಡ್ಯೇ ವಾಪಸ್ ತಗೋಬೇಕು."

"ನನಗ ಹಾಡಾಕ ಬರಂಗಿಲ್ರಿ."

"ಫೈಸಲಾ ಕೊಡಾಕ ಬರ್ತಿತ್ತೇನು?" ಎಂದ ಚಾಚಾ.

ಹುಸೇನಬೀ ಸ್ಟೋವು ಸಣ್ಣ ಮಾಡಿದಳು. ಬಸವಂತ್ರಾಯ ಹಣೆ ಹಣೆ ಬಡಿದುಕೊಂಡು, ಕಾಗೆಯೂ ನಾಚುವ ದನಿ ತೆಗೆದ.

"ಹೆಣ್ಣೇ ಹೆಚ್ಚು ಅಂತೀನಿ, ಇದು ಖರೇ ಮಾತ; ಗಂಡಿಗೆ ಹಿಡದದ ಹುಚ್ಚು, ಕೆಲಸಿಲ್ಲದ ಕೂತ..."

"ಯಾರಿಗಲೇ ಹುಚ್ಚು?"

ಪಂಪಣ್ಣನ ಕೈ ಆಗಲೇ ಬಟ್ಟೆ ಬಿಚ್ಚಿ ದಪ್ಪಿನ ಮೇಲಿತ್ತು. ಅವನು ಎದ್ದು ನಿಂತು ಬಾರಿನವರ ಏಳು ತಲೆಮಾರನ್ನು ರಾಗವಾಗಿ ಜಾಲಾಡತೊಡಗಿದ.

"ಅಯ್ಯ, ಇಲ್ಲ್ಯಾಕ ಬಯ್ತೀರಿ ಮಾರಾಯ್ರ್ಯಾ," ಬಸವಂತ್ರಾಯ ಅವನ ರಟ್ಟೆ ಹಿಡಿದೆಳೆದ. "ಅಲ್ಲಿ ಬಂದು ಬಯ್ರಿ."