ಕಿರಿಸೊಸೆಯ ಕಾಲುನೋವು

ಹಿರಿಸೊಸೆಗೆ ಓರಗಿತ್ತಿಯ ಮೇಲೆ ಗುಮಾನಿ ಹುಟ್ಟಿದ್ದು ಮೆಟ್ಟಿಲ ಮೇಲೆ. ಮನೆಯವರೇ ನಡೆಸುತ್ತಿದ್ದ ಲಾಂಡ್ರಿಯಲ್ಲಿ ಒಗೆದ ಚಾದರಗಳನ್ನು ತಾರಸಿಗೆ ಹೊರುವುದು ಸೊಸೆಯರಿಬ್ಬರ ಪಾಲಿನ ಕೆಲಸ. ಹೊಸದಾಗಿ ಬಂದ ಕಿರಿಯವಳು ಮೊದಲ ತಿರುವಿಗೇ ಬುಟ್ಟಿ ಇಳಿಸಿ, ತೊಡೆ ಹಿಡಿದು ಕೂತುಬಿಡುತ್ತಿದ್ದಳು.

"ಅಕ್ಕಾ, ಕಾಲು ಕಲ್ಲಾಗಿದೆ. ಒಂಚೂರು ತಡೀರಿ."

ಪಾಪ ಅನ್ನೋಣವೆಂದರೆ, ತುಸು ಹೊತ್ತಿಗೆಲ್ಲ ಅದೇ ಕಾಲು ಚಿಗರೆಯಂತೆ ಓಡಾಡುತ್ತಿತ್ತು! ಹಿರಿಯವಳು ಒಣಹಾಕಿದ ಚಾದರಗಳ ಮರೆಯಲ್ಲಿ ನಿಂತು ಕಣ್ಣಿಟ್ಟಳು. ದಿನವೂ ಅದೇ ಪಾಠ, ಮೊದಲು ನರಳಾಟ, ಆಮೇಲೆ ಸರಾಗ.

"ನಿಮ್ಮ ತಮ್ಮನ ಹೆಂಡ್ತಿಗೆ ಬಂದಿರೋದು ಮೈಗಳ್ಳತನದ ರೋಗ ಕಣ್ರೀ," ಎಂದಳು ಗಂಡನಿಗೆ. "ಬಯಲು ಮಾಡ್ತೀನಿ, ನೋಡ್ತಿರಿ."

ಮರುದಿನ ಕಿರಿಯವಳ ಬುಟ್ಟಿಯನ್ನು ಗಿಡಿದು ತುಂಬಿ, ಅವಳ ಬೆನ್ನ ಹಿಂದೆಯೇ ಹತ್ತಿದಳು. "ಕೂರೋ ಹಾಗಿಲ್ಲ. ನಡಿ."

ಕಿರಿಯವಳು ಹಲ್ಲು ಕಚ್ಚಿ ಹತ್ತಿದಳು. ತಾರಸಿಯ ಬಾಗಿಲಲ್ಲಿ ಬೆರಳುಗಳು ಬುಟ್ಟಿಯ ಹಿಡಿಯಲ್ಲೇ ಸೆಟೆದುಕೊಂಡವು. ಸಂಜೆಗೆ ಮೂತ್ರ ಕಡುಗಂದಾಯಿತು. ಆಸ್ಪತ್ರೆಗೆ ಸೇರಿಸಿದರು.

ಅಲ್ಲೂ ಹಿರಿಯವಳ ಗುಮಾನಿ ಇಳಿಯಲಿಲ್ಲ. "ನಿಜವಾದ ನೋವಾಗಿದ್ರೆ ಒಂಚೂರು ಕೂತೆದ್ದ ಮೇಲೆ ಹೇಗೆ ಓಡಾಡ್ತಾಳೆ, ಡಾಕ್ಟ್ರೇ?" ಎಂದು ತುರುಪು ಇಳಿಸಿದಳು.

ಡಾಕ್ಟರಮ್ಮ ತಟ್ಟನೆ ತಲೆ ಎತ್ತಿದರು. "ನೀವೇ ನೋಡಿದೀರಾ? ದಿನಾನೂ ಹಾಗೇನಾ?"

"ದಿನಾನೂ. ಕಣ್ಣಾರೆ ನೋಡಿದೀನಿ."

"ಹಾಗಾದ್ರೆ ರೋಗ ಹಿಡಿಯೋಕೆ ಒಂದು ದಾರಿ ಸಿಕ್ತು. ಜೀವಕೋಶ ಕೆಲಸ ಮಾಡೋ ಶಕ್ತಿ ಎಟಿಪಿ ಅನ್ನೋ ಅಣುವಿನಲ್ಲಿರುತ್ತೆ. ಅದರಿಂದ ಒಂದು ಫಾಸ್ಫೇಟ್ ಕಳಚಿದ್ರೆ ಶಕ್ತಿ ಹೊರಗೆ ಬರುತ್ತೆ, ಮತ್ತೆ ಕೂಡಿಸಿದ್ರೆ ತುಂಬುತ್ತೆ. ಕೋಶದಲ್ಲಿ ಅದು ಇರೋದು ಚಿಟಿಕೆ ಹೊತ್ತಿಗಾಗುವಷ್ಟೇ, ತುಂಬ್ತಾನೇ ಇರಬೇಕು. ಬಿರುಸಿನ ಕೆಲಸಕ್ಕೆ ಸ್ನಾಯು ತಾನು ಕೂಡಿಟ್ಟ ಸಕ್ಕರೆ ಒಡೆದು ತುಂಬ್ಕೊಳ್ಳುತ್ತೆ. ಆ ಸಕ್ಕರೆ ಒಡೆಯೋ ಕಿಣ್ವ ಇವರಿಗೆ ಹುಟ್ಟಿನಿಂದಲೇ ಇಲ್ಲ ಅನ್ಸುತ್ತೆ. ತುಸು ಹೊತ್ತಾದ ಮೇಲೆ ರಕ್ತದಿಂದ ಸಕ್ಕರೆ, ಕೊಬ್ಬು ಬಂದು ಸೇರುತ್ತೆ. ಆಗ ನಡಿಗೆ ಸಲೀಸು. ಬಲವಂತವಾಗಿ ದುಡಿಸಿದ್ರೆ ಸ್ನಾಯುವೇ ಒಡೆದುಹೋಗುತ್ತೆ, ಅದರ ಬಣ್ಣ ಮೂತ್ರಕ್ಕೆ ಇಳಿಯುತ್ತೆ."

ಹಾಸಿಗೆಯಿಂದ ಮೆಲುದನಿ ಬಂತು. "ಅಕ್ಕಾ, ನನ್ನ ಹಿಂದೆ ಕಾವಲಿದ್ರಾ?"

"ಇದ್ದೆ ಕಣೇ." ಹಿರಿಯವಳು ಹೊದಿಕೆ ಸರಿಪಡಿಸಲು ಕೈ ಚಾಚಿದಳು. ಕಿರಿಯವಳು ಗೋಡೆಯತ್ತ ಹೊರಳಿದಳು.

ಪರೀಕ್ಷೆಗಳು ಡಾಕ್ಟರಮ್ಮನ ಮಾತನ್ನೇ ಹೇಳಿದವು. ಕಿರಿಯವಳು ಗಿರಾಕಿಗಳ ಬಟ್ಟೆ ವಿಂಗಡಿಸಲು ಕೂತಳು, ಇಬ್ಬರ ಬುಟ್ಟಿಯೂ ಹಿರಿಯವಳ ಸೊಂಟಕ್ಕೇರಿತು. ಆದರೆ ಈಗ ಅನುಮಾನದ ಸರದಿ ಕಿರಿಯವಳದು. ಹಿರಿಯವಳು ಅಕ್ಕರೆಯಿಂದ ಕಾಫಿ ತಂದಿಟ್ಟರೂ, ಕಿರಿಯವಳು ಮೊದಲು ಅವಳ ಮುಖ ನೋಡಿ, ಆಮೇಲೆ ಲೋಟ ಮುಟ್ಟುತ್ತಿದ್ದಳು.