ಹಿಡಿಯ ಮೇಲಿನ ಟೋಪಿ

ಆ ಲಾಂಡ್ರಿಗೆ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಎರಡು ವಿಷಯ ತಿಳಿದುಬಿಡುತ್ತಿತ್ತು. ಒಂದು, ಮ್ಯಾನೇಜರ ಎದುರು ಆಕಳಿಸಬಾರದು. ಇನ್ನೊಂದು, ಯಂತ್ರದ ಹಿಡಿಯ ಮೇಲೆ ಟೋಪಿ ನೇತಾಡುತ್ತಿದ್ದರೆ ಹೆತ್ತ ಅಪ್ಪ ಬಂದು ಹೇಳಿದರೂ ಮುಟ್ಟಬಾರದು. ಮೊದಲನೆಯದನ್ನು ಎಲ್ಲರೂ ಮುರಿಯುತ್ತಿದ್ದರು. ಎರಡನೆಯದನ್ನು ಯಾರೂ ಮುರಿದಿರಲಿಲ್ಲ.

ಆಸ್ಪತ್ರೆಗಳ, ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಬಂದು ಬೀಳುತ್ತಿದ್ದ ಜಾಗ ಅದು. ಒಗೆಯುವ ಯಂತ್ರ ಅಂದರೆ ಮನೆಯ ಮೂಲೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ, ಒಂದು ಕೋಣೆಯಷ್ಟು ದೊಡ್ಡ ಉಕ್ಕಿನ ಪೀಪಾಯಿ. ಓಬೀರಾಯನ ಕಾಲದ್ದು. ದುಪ್ಪಟಿಗಳು ಹುರಿಗಟ್ಟಿ ಒಳಗೆ ಸಿಕ್ಕಿಕೊಂಡರೆ ಹಿಂದಿನ ಬಾಗಿಲಿಂದ ಒಬ್ಬ ಇಳಿದು ಬಿಡಿಸಬೇಕು. ಮುಂದೆ ಯಂತ್ರ ಓಡಿಸುವ ಹಿಡಿಯ ಹತ್ತಿರ ನಿಂತವನಿಗೆ ಅವನು ಕಾಣುವುದಿಲ್ಲ, ಹಬೆಯ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ. ಅದಕ್ಕೇ ಟೋಪಿ. ಇಳಿಯುವವನು ತನ್ನ ಟೋಪಿ ತೆಗೆದು ಹಿಡಿಗೆ ನೇತುಹಾಕಿ ಇಳಿಯಬೇಕು, ಮೇಲೆ ಬಂದು ತಾನೇ ತೆಗೆದುಕೊಳ್ಳಬೇಕು. ಇಷ್ಟೇ ಪದ್ಧತಿ. ಹಿಡಿಗೆ ಬೀಗ ಹಾಕಿಸಿಕೊಡಿ ಎಂದು ಕೇಳಿದರೆ ಮ್ಯಾನೇಜರು, "ಟೋಪಿ ಇದೆಯಲ್ಲ, ಸಾಕು" ಅನ್ನುತ್ತಿದ್ದರು.

ಈ ಪದ್ಧತಿ ತಂದವನು ಇಸ್ತ್ರಿ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವಳೊಬ್ಬಳ ಗಂಡ. ಅವನ ತಾಯಿ ಅವನನ್ನು ದೊಡ್ಡೋನು ಎಂದೂ ಅವನ ತಮ್ಮನನ್ನು ಚಿಕ್ಕೋನು ಎಂದೂ ಕರೆಯುತ್ತಿದ್ದಳು, ಲಾಂಡ್ರಿಯಲ್ಲೂ ಅದೇ ಹೆಸರು ನಿಂತಿತ್ತು. ಟೋಪಿ ಹೊಲಿದು ಕೊಡುತ್ತಿದ್ದವಳು ದೊಡ್ಡೋನ ಹೆಂಡತಿ. ಇಸ್ತ್ರಿಯ ಮೇಜಿನಲ್ಲಿ ಹರಿದು ಮೂಲೆಗೆ ಬಿದ್ದ ಬಟ್ಟೆಯನ್ನೆಲ್ಲ ಮನೆಗೆ ತಂದು ಒಬ್ಬೊಬ್ಬರ ತಲೆಗೂ ಅಳತೆಯಾಗಿ ಹೊಲಿಯುತ್ತಿದ್ದಳು. "ಇಡೀ ಲಾಂಡ್ರಿಗೇ ಟೋಪಿ ಹಾಕಿದೋಳು ನೀನೊಬ್ಬಳೇ ಕಣಮ್ಮ" ಎಂದು ಎಲ್ಲರೂ ಛೇಡಿಸುತ್ತಿದ್ದರು. ಟೋಪಿ ಅಕ್ಕ ಎಂಬ ಹೆಸರು ಹಾಗೆ ಅಂಟಿಕೊಂಡಿತು.

ಎಲ್ಲರ ಟೋಪಿಯೂ ಒಂದೊಂದು ಬಣ್ಣ. ಅಣ್ಣ ತಮ್ಮಂದಿರಿಬ್ಬರಿಗೆ ಮಾತ್ರ ಅವಳು ಒಂದೇ ನೀಲಿ ಬಟ್ಟೆಯಲ್ಲಿ, ಒಂದೇ ಅಳತೆಯಲ್ಲಿ ಹೊಲಿದಿದ್ದಳು. ಅವಳು ಮದುವೆಯಾಗಿ ಬಂದಾಗ ಚಿಕ್ಕೋನು ಇನ್ನೂ ಶಾಲೆಗೆ ಹೋಗುತ್ತಿದ್ದ. ಅವಳಿಗೆ ಮಕ್ಕಳಾಗಲಿಲ್ಲ. ಉಣಿಸಿದ್ದು, ಬೈದದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಎಲ್ಲ ಅವನಿಗೇ. ಇಬ್ಬರೂ ಒಂದೇ ಥರ ಟೋಪಿ ಹಾಕಿಕೊಂಡು ಗೇಟು ದಾಟುವುದನ್ನು ನೋಡಿದರೆ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು. ಅಷ್ಟೇ ಆಸೆ, ಅದೂ ತಪ್ಪಾ?

ಒಂದು ದಿನ ಊಟದ ಹೊತ್ತಿನಲ್ಲಿ ದೊಡ್ಡೋನು ಯಂತ್ರದೊಳಗೆ ಇದ್ದಾಗಲೇ ಯಂತ್ರ ತಿರುಗಿತು. ಎಲ್ಲರೂ ಊಟಕ್ಕೆ ಹೋಗಿದ್ದರು, ಚಿಕ್ಕೋನೊಬ್ಬ ಬೇಗ ಉಂಡು ವಾಪಸು ಬಂದಿದ್ದ. ಹಿಡಿ ಎಳೆದವನು ಅವನೇ. "ಹಿಡಿಯ ಮೇಲೆ ಟೋಪಿ ಇರಲಿಲ್ಲ" ಎಂದು ಅವನು ಹೇಳಿದ. ಹೇಳಿದವನು ತಲೆ ಚಚ್ಚಿಕೊಂಡು ಅಳುತ್ತಿದ್ದುದರಿಂದ ಯಾರೂ ಎರಡನೇ ಮಾತು ಕೇಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಲಾಂಡ್ರಿಯಲ್ಲಿ ಮಾತು ಹಬ್ಬಿತು. ಊರಿಗೆಲ್ಲ ಬುದ್ಧಿ ಹೇಳಿದವನು ತಾನೇ ಮರೆತನಂತೆ. ಸಮಾಧಾನ ಹೇಳಲು ಬಂದವರೂ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಅದನ್ನೇ ಗುಸುಗುಸು ಅನ್ನುತ್ತಿದ್ದರು. ಗಂಡ ಹೋದದ್ದು ಒಂದು ಸಂಕಟ, ಹೋದವನನ್ನು ಬೇಜವಾಬ್ದಾರಿ ಎನ್ನುವುದು ಇನ್ನೊಂದು. ಎರಡನೆಯದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಒಂದು ಮಧ್ಯಾಹ್ನ ಅತ್ತೆ ದಾರ ಹುಡುಕುತ್ತಾ ಅವಳ ಹೊಲಿಗೆ ಬುಟ್ಟಿಗೆ ಕೈಹಾಕಿದಳು. ಕೈಗೆ ನೀಲಿ ಟೋಪಿ ಬಂತು. "ಅಯ್ಯೋ ನನ್ನ ಮಗನೇ! ಟೋಪಿ ಮನೇಲೇ ಬಿಟ್ಟು ಹೋದ್ಯಲ್ಲೋ!" ಎಂದು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತಳು. ಅಕ್ಕಪಕ್ಕದವರು ಓಡಿ ಬಂದರು. ಸಂಜೆಯೊಳಗೆ ಸುದ್ದಿ ಮ್ಯಾನೇಜರ ಕಿವಿಗೂ ಬಿತ್ತು.

ಅವಳು ಮಾತ್ರ ಟೋಪಿ ತಿರುವಿ ಒಳಗಿನ ಹೊಲಿಗೆ ನೋಡಿದಳು. ಕಿವಿಯ ಹತ್ತಿರ ಬೆರಳು ತೂರುವಷ್ಟು ಬಿಟ್ಟಿತ್ತು. ಇದು ಚಿಕ್ಕೋನ ಟೋಪಿ. ಗಂಡ ಸತ್ತ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ, "ಅತ್ತಿಗೆ, ಹೊಲಿಗೆ ಬಿಟ್ಟಿದೆ ನೋಡಿ" ಎಂದು ಅವನೇ ಅವಳ ಮಡಿಲಿಗೆ ಎಸೆದು ಬರಿತಲೆಯಲ್ಲಿ ಹೋಗಿದ್ದ. ಆದರೆ ಸುದ್ದಿ ಹೇಳಲು ಓಡೋಡಿ ಇಸ್ತ್ರಿ ಮೇಜಿಗೆ ಬಂದಾಗ ಅವನ ತಲೆಯ ಮೇಲೆ ನೀಲಿ ಟೋಪಿ ಇತ್ತು. ಅದು ಅವಳ ಕಣ್ಣಿಗೆ ಕಟ್ಟಿದ ಹಾಗಿತ್ತು.

ಅಂದರೆ ಗಂಡ ಮರೆತಿರಲಿಲ್ಲ. ಹಿಡಿಯ ಮೇಲೆ ನೀಲಿ ಟೋಪಿ ಇತ್ತು. ಊಟ ಮಾಡಿ ಬಂದವನು ಬರಿತಲೆ ತಡವಿಕೊಂಡು, ಬೆಳಿಗ್ಗೆ ಟೋಪಿ ಕೊಟ್ಟದ್ದನ್ನು ಮರೆತು, ಇದು ನನ್ನದೇ, ಇಲ್ಲೇ ಬಿಟ್ಟಿದ್ದೆ ಎಂದುಕೊಂಡು ತೆಗೆದು ಹಾಕಿಕೊಂಡು ಹಿಡಿ ಎಳೆದಿದ್ದ.

ಇಡೀ ಜಗತ್ತಿನಲ್ಲಿ ಈ ವಿಷಯ ಗೊತ್ತಿದ್ದವರು ಇಬ್ಬರೇ. ಚಿಕ್ಕೋನು, ಅವಳು.

ಮಾರನೇ ದಿನ ಮ್ಯಾನೇಜರು ಕರೆಸಿದರು. ಕುರ್ಚಿ ಎಳೆದು ಕೂರಿಸಿದರು. ಇಷ್ಟು ವರ್ಷದಲ್ಲಿ ಮೊದಲ ಸಲ! "ನೋಡಮ್ಮ, ಸರ್ಕಾರದಿಂದ ವಿಚಾರಣೆಗೆ ಬರ್ತಾ ಇದಾರೆ. ಆ ಟೋಪಿ ತಗೊಂಡು ಬಾ. ನನ್ನ ಗಂಡಂದು, ಅವತ್ತು ಮನೇಲೇ ಮರೆತಿದ್ರು ಅನ್ನು. ಅಷ್ಟೇ. ನಿನ್ನ ಕೆಲಸಕ್ಕೆ ಏನೂ ಆಗಲ್ಲ, ನಿನ್ನ ಮೈದುನನಿಗೂ ಏನೂ ಆಗಲ್ಲ."

"ಅದು ಅವರದ್ದಲ್ಲ ಅಂದ್ರೆ?" ಅವಳು ಕೇಳಿದಳು.

ಮ್ಯಾನೇಜರು ಚಶ್ಮಾ ತೆಗೆದು ಒರೆಸಿದರು. "ಅವರದ್ದಲ್ಲ ಅಂದ್ರೆ ಇನ್ಯಾರದ್ದೋ ಆಗಬೇಕಲ್ಲ. ಯೋಚನೆ ಮಾಡು."

ಅತ್ತೆಗೆ ಹೇಳದೆ ಇರಲು ಅವಳಿಂದ ಆಗಲಿಲ್ಲ. ಹೇಳಿದಳು. ಆ ಮುದಿ ಜೀವ ಗೋಡೆಗೆ ಒರಗಿತು. ಆಮೇಲೆ ಸೊಸೆಯ ಎರಡೂ ಕೈ ಹಿಡಿದುಕೊಂಡಳು. "ಒಬ್ಬನ್ನ ಮಣ್ಣಿಗೆ ಕೊಟ್ಟಿದೀನಿ ಕಣೇ. ಇನ್ನೊಬ್ಬನ್ನೂ ಕಿತ್ಕೋಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಆ ಟೋಪಿ ದೊಡ್ಡೋನದ್ದು ಅನ್ನು. ಸತ್ತೋನಿಗೆ ಹೆಸರಿಂದ ಏನಾಗಬೇಕು?"

ಅವಳು ಅತ್ತೆಯ ಕೈ ಬಿಡಿಸಿಕೊಳ್ಳಲಿಲ್ಲ, ಹೂಂ ಅನ್ನಲೂ ಇಲ್ಲ.

ಭಾನುವಾರ ಕ್ರೈಸ್ತ ದೇವಾಲಯದಲ್ಲಿ ಮೂವರೂ ಒಂದೇ ಬೆಂಚಿನಲ್ಲಿ ಕೂತರು. ಕರ್ತನು ಕಲಿಸಿದ ಪ್ರಾರ್ಥನೆ ಶುರುವಾಯಿತು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಎಂದು ಹೇಳುವ ಜಾಗ ಬಂದಾಗ ಅವಳ ನಾಲಿಗೆ ನಿಂತುಹೋಯಿತು. ಹಿಂದಿನ ವಾರವೂ ಹಾಗೇ ಆಗಿತ್ತು, ಆಗ ದುಃಖಕ್ಕೆ ಅಂದುಕೊಂಡಿದ್ದಳು. ಈಗ ಗೊತ್ತಾಯಿತು, ಅದು ಬರೀ ದುಃಖವಲ್ಲ. ಪಕ್ಕದಲ್ಲಿ ಕೂತ ಚಿಕ್ಕೋನ ಕುತ್ತಿಗೆ ಹಿಸುಕಬೇಕು ಅನ್ನಿಸುತ್ತಿತ್ತು. ಹಿಡಿ ಎಳೆದದ್ದಕ್ಕಲ್ಲ, ಅದು ಕೈತಪ್ಪು. ಟೋಪಿ ಇರಲಿಲ್ಲ ಎಂದು ಅಣ್ಣನ ಹೆಣದ ಮೇಲೆ ಸುಳ್ಳು ಹೊರಿಸಿದ್ದಕ್ಕೆ.

ಎಲ್ಲರೂ ಹೋದ ಮೇಲೂ ಅವಳು ಎದ್ದೇಳಲಿಲ್ಲ. ಪಾಸ್ಟರ್ ಅಯ್ಯನವರು ದೂರದಿಂದ ನೋಡಿ, ಕಿಟಕಿ ಮುಚ್ಚುವ ಕೆಲಸವನ್ನು ಬೇಕೆಂದೇ ನಿಧಾನ ಮಾಡಿದರು. ಅವಳು ಶಿಲುಬೆಯ ಕಡೆ ನೋಡಿ ಮನಸ್ಸಿನಲ್ಲೇ ಜಗಳಕ್ಕೆ ನಿಂತಳು. ನಿನಗೇನಪ್ಪ, ಸುಲಭ. ನಿನಗೆ ಮೊಳೆ ಹೊಡೆದವರು ಯಾರೋ ಸಿಪಾಯಿಗಳು. ನೀನು ತುತ್ತು ಕೊಟ್ಟು ಬೆಳೆಸಿದವರಲ್ಲ.

ಅಷ್ಟು ಅಂದವಳಿಗೆ ಥಟ್ಟನೆ ನೆನಪಾಯಿತು. ಕರ್ತನನ್ನು ವೈರಿಗಳಿಗೆ ಹಿಡಿದುಕೊಟ್ಟ ಶಿಷ್ಯ ಅವನ ಜೊತೆ ಕೂತು ಉಂಡವನೇ. ಗೊತ್ತಿದ್ದೂ ಕರ್ತನು ಅವನಿಗೆ ತುತ್ತು ಕೊಟ್ಟಿದ್ದ. ಗೊತ್ತಿದ್ದೂ ಅವನ ಕಾಲು ತೊಳೆದಿದ್ದ. ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದಳೋ, ಇವತ್ತು ಮೈಮೇಲೆ ಬಿಸಿನೀರು ಸುರಿದ ಹಾಗಾಯಿತು. ಕೋಪ ಆರಿದ ಮೇಲೆ ತೊಳೆದನಾ, ಇನ್ನೂ ನೋಯುತ್ತಿರುವಾಗಲೇ ತೊಳೆದನಾ? ನೋಯುತ್ತಿರುವಾಗಲೇ ಇರಬೇಕು. ಅವಳು ಅತ್ತಳು. ಗಂಡ ಸತ್ತ ಮೇಲೆ ಅಷ್ಟು ಅತ್ತಿರಲಿಲ್ಲ.

ಮನೆಗೆ ಬಂದು ಬುಟ್ಟಿ ತೆಗೆದು ಚಿಕ್ಕೋನ ಟೋಪಿ ಒಗೆದು ಒಣಹಾಕಿದಳು. ಒಣಗಿದ ಮೇಲೆ ಬಿಟ್ಟ ಹೊಲಿಗೆ ಹಾಕಲು ಕೂತಳು. ಕೋಪ ಹೋಗಿರಲಿಲ್ಲ, ಸೂಜಿ ಬೆರಳಿಗೂ ಚುಚ್ಚಿತು. ಆದರೂ ಹೊಲಿಗೆ ಅರ್ಧಕ್ಕೆ ಬಿಡಲಿಲ್ಲ.

ಚಿಕ್ಕೋನು ಹಿತ್ತಲ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅವಳು ಟೋಪಿಯನ್ನು ಅವನ ಮಡಿಲಿಗಿಟ್ಟಳು.

"ತಗೋ. ಹೊಲಿದಿದೀನಿ."

ಅವನು ಟೋಪಿ ನೋಡಿದ, ಅವಳನ್ನು ನೋಡಿದ. "ಅತ್ತಿಗೆ..."

"ಅವತ್ತು ಬೆಳಿಗ್ಗೆ ನೀನೇ ಕೊಟ್ಟಿದ್ದು."

ಅವನು ಕಟ್ಟೆಯಿಂದ ಜಾರಿ ನೆಲಕ್ಕೆ ಬಿದ್ದ. ಅವಳ ಪಾದಕ್ಕೆ ಹಣೆ ಹಚ್ಚಿ ಮಗುವಿನ ಹಾಗೆ ಬಿಕ್ಕಿದ. "ನಂದೇ ಅಂದ್ಕೊಂಡೆ ಅತ್ತಿಗೆ. ದೇವರಾಣೆ, ನಂದೇ ಅಂದ್ಕೊಂಡೆ. ಆಮೇಲೆ ಹೆದರಿಕೆ ಆಯ್ತು. ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ಅಣ್ಣಂದು ಹಾಸಿಗೆ ಕೆಳಗೆ ಇಟ್ಟಿದೀನಿ, ಅದರ ಮೇಲೇ ಮಲಗ್ತೀನಿ, ನಿದ್ದೆ ಎಲ್ಲಿ ಬರುತ್ತೆ?"

"ಎರಡೂ ಒಂದೇ ಥರ ಹೊಲಿದೋಳು ನಾನು. ಅದರಲ್ಲಿ ನಂದೂ ಪಾಲಿದೆ" ಅಂದಳು. "ಕೇಳು. ನಾನು ಸುಳ್ಳು ಹೇಳಲ್ಲ. ಅವರು ಟೋಪಿ ಮರೀಲಿಲ್ಲ, ಅದನ್ನ ಹೇಳ್ತೀನಿ. ಆದರೆ ನಿನ್ನ ಹೆಸರು ನನ್ನ ಬಾಯಿಂದ ಬರಲ್ಲ. ಅದು ನಿನಗೂ ದೇವರಿಗೂ ಬಿಟ್ಟಿದ್ದು."

"ನನ್ನ ಮೇಲೆ ಕೋಪ ಇಲ್ವಾ ನಿಮಗೆ?"

"ಇದೆ ಕಣೋ. ಬೇಕಾದಷ್ಟಿದೆ" ಎಂದು ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. "ಇದ್ದರೂ ಕ್ಷಮಿಸಿದೀನಿ. ಈಗ ಎದ್ದು ಮುಖ ತೊಳ್ಕೋ."

ವಿಚಾರಣೆ ಲಾಂಡ್ರಿಯ ಆಫೀಸು ಕೋಣೆಯಲ್ಲೇ ನಡೆಯಿತು. ಅಧಿಕಾರಿ ಒಬ್ಬ ಹೆಂಗಸು, ಗಂಟಲು ಕಟ್ಟಿ ಮಾತಿಗೊಮ್ಮೆ ಬಿಸಿನೀರು ಕುಡಿಯುತ್ತಿದ್ದರು. ಬಾಗಿಲಲ್ಲಿ ಕೆಲಸಗಾರರು ಬಣ್ಣಬಣ್ಣದ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಮ್ಯಾನೇಜರು ಅವಳ ಕಡೆ ತಿರುಗಿ, "ಹೇಳಮ್ಮ, ಮನೇಲಿ ಸಿಕ್ಕ ಟೋಪಿ ವಿಷಯ ಹೇಳು" ಅಂದರು. ದನಿಯಲ್ಲಿ ಬೆಣ್ಣೆ.

"ಮನೇಲಿದ್ದ ಟೋಪಿ ನನ್ನ ಯಜಮಾನರದ್ದಲ್ಲ" ಅಂದಳು. "ರಿಪೇರಿಗೆ ಬಂದಿದ್ದು. ಅವರು ತಮ್ಮ ಟೋಪಿ ಹಾಕ್ಕೊಂಡೇ ಕೆಲಸಕ್ಕೆ ಬಂದಿದ್ರು. ಹಿಡಿ ಮೇಲೆ ನೇತುಹಾಕಿ ಇಳಿದಿದ್ರು."

ಮ್ಯಾನೇಜರ ಮುಖ ಸುಟ್ಟ ಬದನೆಕಾಯಿಯಾಯಿತು. ಅಧಿಕಾರಿ ಲೋಟ ಕೆಳಗಿಟ್ಟರು. "ಹಾಗಾದರೆ ತೆಗೆದವರು ಯಾರು? ರಿಪೇರಿಗೆ ಬಂದದ್ದು ಯಾರದ್ದು?"

ಅವಳು ಮಾತಾಡಲಿಲ್ಲ. ಗೋಡೆಯ ಪಕ್ಕ ಕೂತಿದ್ದ ಅತ್ತೆ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಅಧಿಕಾರಿ ಮತ್ತೆ ಕೇಳಿದರು.

ಹಿಂದಿನಿಂದ ಚಿಕ್ಕೋನು ನುಗ್ಗಿಕೊಂಡು ಬಂದ. ಅಂಗಿಯೊಳಗಿಂದ ಒಂದು ನೀಲಿ ಟೋಪಿ ತೆಗೆದು ಮೇಜಿನ ಮೇಲಿಟ್ಟ, ಜೇಬಿನಿಂದ ಇನ್ನೊಂದನ್ನು. "ಇದು ಅಣ್ಣಂದು. ಇದು ನಂದು. ಹಿಡಿ ಮೇಲಿಂದ ತೆಗೆದೋನು ನಾನು. ಸುಳ್ಳು ಹೇಳಿದೋನೂ ನಾನೇ. ಅವನು ಮರೆತಿರಲಿಲ್ಲ, ನನ್ನಣ್ಣ ಯಾವತ್ತೂ ಮರೆತೋನಲ್ಲ."

ಬಾಗಿಲಲ್ಲಿ ನಿಂತವರು ತಲೆ ತಗ್ಗಿಸಿದರು. ಅತ್ತೆ ಮಾತ್ರ ಕೂತಲ್ಲೇ ಕುಸಿದಳು.

ಆಮೇಲೆ ಆದದ್ದರಲ್ಲಿ ಒಳ್ಳೆಯದು ಅಂತ ಒಂದೇ. ಯಂತ್ರದ ಹಿಡಿಗೆ ಬೀಗ ಬಂತು. ಚಿಕ್ಕೋನನ್ನು ಪೊಲೀಸರು ಕರೆದುಕೊಂಡು ಹೋದರು, ಜೈಲಾಯಿತು. ಕೇಸು ಮುಗಿದ ಮೇಲೆ ಎರಡೂ ಟೋಪಿ ಅವಳ ಕೈಗೆ ವಾಪಸು ಬಂದವು. ಇಸ್ತ್ರಿ ಮೇಜಿನಲ್ಲಿ ಅವಳಿಗೆ ಜಾಗವಿಲ್ಲ ಎಂದು ಮ್ಯಾನೇಜರು ಬೇರೆಯವರ ಕೈಲಿ ಹೇಳಿ ಕಳಿಸಿದರು. ಅವಳು ಮನೆಯಲ್ಲೇ ಹೊಲಿಗೆ ಶುರುಮಾಡಿದಳು. ಅತ್ತೆ ಅವಳ ಜೊತೆ ಮಾತು ಬಿಟ್ಟಳು. ಒಂದೇ ಒಲೆ, ಒಂದೇ ಸೂರು, ಆದರೆ ನೀರು ಬೇಕೆಂದರೂ ಗೋಡೆಗೆ ಹೇಳುತ್ತಿದ್ದಳು. ದೇವಾಲಯದಲ್ಲಿ ಬೇರೆ ಬೆಂಚಿಗೆ ಹೋಗಿ ಕೂತಳು. "ಸತ್ತ ಗಂಡನಿಗೋಸ್ಕರ ಬದುಕಿದ್ದ ಮೈದುನನನ್ನ ಬಲಿಕೊಟ್ಟಳು" ಎಂದು ಬೀದಿ ಮಾತಾಡಿತು. ಎಷ್ಟೋ ಬೆಳಿಗ್ಗೆ ಅವಳಿಗೂ ಹಾಗೇ ಅನ್ನಿಸಿ ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಮೊಣಕಾಲೂರಿ ಎರಡು ಮಾತು ಪ್ರಾರ್ಥಿಸಿದ ಮೇಲೆ ಹೇಗೋ ಏಳುತ್ತಿದ್ದಳು, ಆವತ್ತಿನ ಮಟ್ಟಿಗೆ.

ಜೈಲಿನಲ್ಲಿ ಭೇಟಿಗೆ ಬಿಡುವ ದಿನ ಅವಳು ಹೊರಟಾಗ ಅತ್ತೆಯೂ ಸೆರಗು ಹೊದ್ದು ಬಾಗಿಲಿಗೆ ಬಂದಳು. ಬರುತ್ತೇನೆ ಎಂದೂ ಹೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು.

ಚಿಕ್ಕೋನು ಸೊರಗಿದ್ದ, ಜಾಲರಿಯ ಆಚೆ ಬರಿತಲೆಯಲ್ಲಿ ನಿಂತಿದ್ದ. ತಾಯಿಯನ್ನು ನೋಡಿ ಕಣ್ಣು ತುಂಬಿಕೊಂಡ. ಹೊತ್ತು ಮುಗಿಯುತ್ತಾ ಬಂದಾಗ, "ಪ್ರಾರ್ಥನೆ ಮಾಡೋಣ ಅತ್ತಿಗೆ, ಒಬ್ಬನೇ ಮಾಡಕ್ಕೆ ಹೋದ್ರೆ ಅರ್ಧಕ್ಕೇ ನಿಂತುಹೋಗುತ್ತೆ" ಅಂದ. ಎಲ್ಲಿ ನಿಲ್ಲುತ್ತದೆ ಎಂದು ಅವಳು ಕೇಳಲಿಲ್ಲ.

ಇಬ್ಬರೂ ಶುರುಮಾಡಿದರು. ಆ ಜಾಗ ಬಂತು. ಅವನ ದನಿ ನಿಂತಿತು. ಗಂಡನ ಮುಖ ಅವಳ ಕಣ್ಣೆದುರು ಬಂತು. ಆದರೂ ಆ ಮಾತನ್ನು ಅವಳು ಗಟ್ಟಿಯಾಗಿ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಬೆನ್ನ ಹಿಂದೆ ಇನ್ನೊಂದು ದನಿ ಅದೇ ಮಾತನ್ನು ಹೇಳುತ್ತಿತ್ತು, ನಡುಗುತ್ತಾ, ಅರ್ಧಂಬರ್ಧವಾಗಿ. ಅತ್ತೆಯ ದನಿ.

ಅತ್ತೆ ಮಗನನ್ನು ಕ್ಷಮಿಸಿದಳೋ, ಸೊಸೆಯಾದ ತನ್ನನ್ನೋ ಎಂದು ತಿರುಗಿ ನೋಡುವ ಧೈರ್ಯ ಅವಳಿಗಾಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಮತ್ತೆ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು. ಸ್ವಲ್ಪ ದೂರ ಬಂದ ಮೇಲೆ ಗೋಡೆಗಲ್ಲ, ಅವಳಿಗೇ ಕೇಳಿದಳು: "ದೊಡ್ಡೋನ ಟೋಪಿ ಎಲ್ಲಿಟ್ಟಿದೀಯೇ?"

"ಬುಟ್ಟೀಲೇ ಇದೆ ಅತ್ತೆ."

"ಮನೆಗೆ ಹೋದ್ಮೇಲೆ ಕೊಡು. ಒಂದ್ಸಲ ಹಿಡ್ಕೋಬೇಕು."